ಸೊಪ್ಪಿನ ಸುಗ್ಗಿ, ಮಾಯದ ಮೊಡವೆ

ಪ್ರಶ್ನೆ: ಹೊಗೆಸೊಪ್ಪು ಮುರಿಯುವ ಕಾಲದಲ್ಲಿ ನನ್ನ ಮೊಡವೆ ಹೆಚ್ಚುತ್ತದೆ, ಯಾವ ಕ್ರೀಮ್ ಹಚ್ಚಿದರೂ ಮುಖ ಉರಿಯುತ್ತದೆ. ಏಕೆ? (ಓದುಗರು, ಹುಣಸೂರು)

ಉತ್ತರ: ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆ ಆಗ ಸೊಪ್ಪು ಬೇಯಿಸುವ ಬ್ಯಾರನ್‌ನ ಬಿಸಿ, ಬೆವರು, ಮುಖ ಉಜ್ಜುವ ಟವೆಲು ಎಲ್ಲವೂ ಮೊಡವೆಯನ್ನು ಕೆರಳಿಸುತ್ತವೆ. ನನಗೆ ಹೆಚ್ಚು ಚಿಂತೆ ಆ ಕ್ರೀಮಿನದು. ಬೆಳ್ಳಗಾಗಲೆಂದು ಕೊಳ್ಳುವ ಹಲವು ಟ್ಯೂಬುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಮೊದಲು ಮೊಡವೆ ತಗ್ಗಿದಂತೆ ಕಾಣುತ್ತದೆ. ಆಮೇಲೆ ಚರ್ಮ ತೆಳುವಾಗಿ, ಕೆಂಪಾಗಿ, ಮೊಡವೆ ಇನ್ನೂ ಜೋರಾಗಿ ಏಳುತ್ತದೆ. ಟ್ಯೂಬಿನ ಮೇಲೆ ಬೀಟಾಮೆಥಾಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್ ಎಂದಿದೆಯೇ ನೋಡಿ. ಇದ್ದರೆ ಅದನ್ನೇ ಹಿಡಿದು ಚರ್ಮ ವೈದ್ಯರ ಬಳಿ ಹೋಗಿ, ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೂ ತೋರಿಸಬಹುದು. ಸೂಕ್ಷ್ಮ ಚರ್ಮಕ್ಕೆ ಸಾಮಾನ್ಯವಾಗಿ ಶೇ 0.1ರ ಅಡಾಪಲೀನ್ ಅಥವಾ ಶೇ 2.5ರ ಬೆಂಜಾಯಿಲ್ ಪೆರಾಕ್ಸೈಡ್ ಕೊಡುತ್ತಾರೆ. ದಿನ ಬಿಟ್ಟು ದಿನ, ಬಟಾಣಿ ಕಾಳಿನಷ್ಟು ಸಾಕು. ಗುಣ ಕಾಣಲು 8ರಿಂದ 12 ವಾರ ಬೇಕು. ಗರ್ಭಿಣಿಯರಿಗೆ ಅಡಾಪಲೀನ್ ಬೇಡ.