ದಿನಕ್ಕೊಂದು ‘ಲಂಚಾವತಾರ’

ನಾಟಕವೆಂದರೆ ಕವಿ ಬರೆದಿಟ್ಟ ಮಾತು, ಅದನ್ನು ಬಾಯಿಪಾಠ ಮಾಡಿ ಒಪ್ಪಿಸುವವನೇ ನಟ ಎಂಬುದು ಸಾಮಾನ್ಯ ತಿಳಿವಳಿಕೆ. ಮಾಸ್ಟರ್ ಹಿರಣ್ಣಯ್ಯ ಅವರ ರಂಗಭೂಮಿಗೆ ಇದು ಅರ್ಧ ಮಾತ್ರ ಅನ್ವಯಿಸುತ್ತದೆ. ಅವರ ‘ಲಂಚಾವತಾರ’ವನ್ನು ಮೂರು ನಾಲ್ಕು ಸಲ ನೋಡಿದವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಕಥೆ ಗೊತ್ತಿದ್ದೂ ಮತ್ತೆ ಟಿಕೆಟ್ ಕೊಳ್ಳುತ್ತಿದ್ದುದೇಕೆ? ನಿನ್ನೆ ಆಡಿದ ಮಾತು ಇಂದು ಹಾಗೆಯೇ ಇರುತ್ತಿರಲಿಲ್ಲ. ಬೆಳಗಿನ ಪತ್ರಿಕೆಯಲ್ಲಿ ಬಂದ ಹಗರಣ ರಾತ್ರಿಯ ಹೊತ್ತಿಗೆ ಸಂಭಾಷಣೆಯಾಗಿರುತ್ತಿತ್ತು.

ಇಂಥ ಆಶುಹಾಸ್ಯ ಅವರೊಬ್ಬರೇ ಹುಟ್ಟುಹಾಕಿದ್ದೇನಲ್ಲ. ಯಕ್ಷಗಾನದ ಅರ್ಥಗಾರಿಕೆಯಲ್ಲಿ ಮಾತು ಆ ಕ್ಷಣಕ್ಕೇ ಹುಟ್ಟಬೇಕು. ಕಂಪನಿ ನಾಟಕಗಳಲ್ಲಿ ಗುಬ್ಬಿ ವೀರಣ್ಣನವರ ‘ಸದಾರಮೆ’ಯ ಕಳ್ಳನೂ ಸಮಯಸ್ಫೂರ್ತಿಗೇ ಹೆಸರಾಗಿದ್ದ. ಆದರೆ ಆ ಕಳ್ಳ ಸುಮ್ಮನೆ ನಗಿಸುತ್ತಿದ್ದ. ಹಿರಣ್ಣಯ್ಯನವರು ಅದೇ ಸಲುಗೆಯನ್ನು ಸರ್ಕಾರಿ ಕಚೇರಿಯತ್ತ, ವಿಧಾನಸೌಧದತ್ತ ತಿರುಗಿಸಿದರು.

1934ರ ಫೆಬ್ರುವರಿ 15ರಂದು ಮೈಸೂರಿನಲ್ಲಿ ಹುಟ್ಟಿದ ಅವರ ಹೆಸರು ನರಸಿಂಹಮೂರ್ತಿ. ತಂದೆ ಕೆ. ಹಿರಣ್ಣಯ್ಯ ‘ಕಲ್ಚರ್ಡ್ ಕಮೆಡಿಯನ್’ ಎಂದೇ ಖ್ಯಾತರಾದ ನಟ, ನಾಟಕಕಾರ, ‘ಹಿರಣ್ಣಯ್ಯ ಮಿತ್ರ ಮಂಡಳಿ’ಯ ಸ್ಥಾಪಕ. 1953ರಲ್ಲಿ ತಂದೆ ತೀರಿಕೊಂಡಾಗ ಮಗನಿಗೆ 19 ವರ್ಷ. ಕಂಪನಿಯ ಜೊತೆಗೆ ತಂದೆಯ ಹೆಸರೂ ಮಗನ ಪಾಲಿಗೆ ಬಂತು. ಹೆಸರಿನ ಹಿಂದೆ ಬಾಲನಟರಿಗೆ ಸೇರಿಸುವ ‘ಮಾಸ್ಟರ್’ 85ನೆಯ ವಯಸ್ಸಿನವರೆಗೂ ಹಾಗೆಯೇ ಉಳಿಯಿತು. ‘ಮಕ್ಮಲ್ ಟೋಪಿ’, ‘ಕಪಿಮುಷ್ಟಿ’, ‘ಭ್ರಷ್ಟಾಚಾರ’ ಹೀಗೆ ನಾಟಕಗಳು ಹಲವು. ‘ಲಂಚಾವತಾರ’ದ ಪ್ರದರ್ಶನಗಳೇ ಹತ್ತು ಸಾವಿರ ದಾಟಿದವೆಂದು ಲೆಕ್ಕ ಹೇಳುತ್ತಾರೆ. ಸಿನಿಮಾ, ಕಿರುತೆರೆಗಳಲ್ಲೂ ಪೋಷಕ ಪಾತ್ರ ಮಾಡಿದರು. ಅಲ್ಲಿ ಬರೆದುಕೊಟ್ಟಷ್ಟೇ ಮಾತು. ಅವರ ನಿಜವಾದ ಬಲ ತಿಳಿಯಬೇಕಾದರೆ ಎದುರಿಗೆ ಜನ ಇರಬೇಕಿತ್ತು.

ಆಶುಹಾಸ್ಯವೆಂದರೆ ಬಾಯಿಗೆ ಬಂದಂತೆ ಮಾತಾಡುವುದೆಂದು ತಿಳಿಯಬಾರದು. ಕಥೆಯ ಎಲುಬುಗೂಡು ಗಟ್ಟಿಯಾಗಿರಬೇಕು. ಮುಖ್ಯ ನಟ ಹತ್ತು ನಿಮಿಷ ಬೇರೆ ದಾರಿ ಹಿಡಿದು ಹೋದರೆ, ಜೊತೆಯ ನಟರು ಪಾತ್ರ ಬಿಡದೆ ಕಾಯಬೇಕು. ಸರಿಯಾದ ಜಾಗದಲ್ಲಿ ಒಂದು ಪೆದ್ದು ಪ್ರಶ್ನೆ ಕೇಳಿ ಅವನಿಗೆ ಮತ್ತಷ್ಟು ಎಡೆಮಾಡಿಕೊಡಬೇಕು, ಕೊನೆಗೆ ಕಥೆಯ ದಾರಿಗೆ ಎಳೆದು ತರಬೇಕು. ಚಪ್ಪಾಳೆ ಮಾತ್ರ ಒಬ್ಬರಿಗೇ! ಪ್ರೇಕ್ಷಕರ ಪಾಲೂ ಇದರಲ್ಲಿ ಕಡಿಮೆಯದಲ್ಲ. ತಾಲ್ಲೂಕು ಕಚೇರಿಗೆ ಅಲೆದು ಸಣ್ಣದೊಂದು ಕಾಗದಕ್ಕೆ ಕೈ ಬೆಚ್ಚಗೆ ಮಾಡಿ ಬಂದವನಿಗೆ ಆ ಮಾತು ನಾಟಕವೆನಿಸುತ್ತಲೇ ಇರಲಿಲ್ಲ.

ಸರ್ಕಾರಗಳಿಗೆ ನಾಟಕದ ಭಯ ಹಳೆಯದು. ಬ್ರಿಟಿಷರು 1876ರಲ್ಲೇ ನಾಟಕ ಪ್ರದರ್ಶನ ಕಾಯಿದೆ ತಂದು ಪ್ರದರ್ಶನಗಳನ್ನು ನಿಷೇಧಿಸುವ ಅಧಿಕಾರ ಪಡೆದರು. ಸ್ವಾತಂತ್ರ್ಯ ಬಂದ ಮೇಲೆ, 1964ರಲ್ಲಿ, ಮೈಸೂರು ರಾಜ್ಯವೂ ತನ್ನದೇ ಕಾಯಿದೆ ಮಾಡಿತು. ಹಸ್ತಪ್ರತಿಯಾದರೆ ತರಿಸಿ ಓದಬಹುದು, ಗೆರೆ ಎಳೆಯಬಹುದು. ರಾತ್ರಿ ಒಂಬತ್ತೂವರೆಗೆ ಹುಟ್ಟಿ ಅಲ್ಲೇ ನಗೆಯಲ್ಲಿ ಕರಗಿಹೋಗುವ ಮಾತಿಗೆ ಎಲ್ಲಿ ಗೆರೆ ಎಳೆಯುವುದು? ಹಾಗೆಂದು ಹಿರಣ್ಣಯ್ಯನವರೇನೂ ಸುಲಭವಾಗಿ ಪಾರಾಗಲಿಲ್ಲ. ಮಾತಿನ ಕಾರಣಕ್ಕೆ ಕೋರ್ಟು ಮೆಟ್ಟಿಲನ್ನೂ ಹತ್ತಿದರು. ಅತ್ತ ಅಧಿಕಾರಸ್ಥರೇ ಮುಂದಿನ ಸಾಲಿನಲ್ಲಿ ಕುಳಿತು, ತಮ್ಮನ್ನೇ ಬೈಸಿಕೊಂಡು ನಗುತ್ತಿದ್ದರೆಂಬ ಮಾತೂ ಇದೆ. ಆ ನಗೆಯಿಂದ ಲಂಚವೇನೂ ಕಡಿಮೆಯಾಗಲಿಲ್ಲ ಎನ್ನಿ.

ಇದು ನಾಟಕವಲ್ಲ, ಭಾಷಣ ಎಂದು ಮೂಗು ಮುರಿದವರೂ ಉಂಟು. ಆಕ್ಷೇಪದಲ್ಲಿ ಹುರುಳಿಲ್ಲದೆ ಇಲ್ಲ. ಎಷ್ಟೋ ರಾತ್ರಿ ಕಥೆ ಮೂಲೆ ಸೇರಿ, ಮಾತೇ ರಂಗವನ್ನು ಆಳುತ್ತಿತ್ತು. ಆದರೆ ಜನ ಬರುತ್ತಿದ್ದುದೇ ಆ ಮಾತಿಗೆ.

ಹಿರಣ್ಣಯ್ಯ 2019ರ ಮೇ 2ರಂದು ಬೆಂಗಳೂರಿನಲ್ಲಿ ನಿಧನರಾದರು. ಒಂದು ಕಾಲಕ್ಕೆ ಊರ ಹಬ್ಬ, ಹೋಟೆಲುಗಳಲ್ಲಿ ಮೊಳಗುತ್ತಿದ್ದ ‘ಲಂಚಾವತಾರ’ದ ಕ್ಯಾಸೆಟ್ಟು ಈಗಲೂ ಕೆಲವರ ಮನೆಯಲ್ಲಿದೆ. ಅದರಲ್ಲಿ ಸಿಕ್ಕುವುದು ಯಾವುದೋ ಒಂದು ದಿನದ ಆಟ ಮಾತ್ರ. ಜನ ಹೋ ಎಂದು ನಗುತ್ತಾರೆ. ಯಾವ ಮಂತ್ರಿಯನ್ನು ಕುರಿತ ಮಾತದು ಎಂದು ಇಂದಿನ ಹುಡುಗರು ಮನೆಯ ಹಿರಿಯರನ್ನು ಕೇಳಬೇಕು.