ಬೋಗಿಗಳ ನಡುವಿನ ಉಸಿರುನಾಳ: ರೈಲು ಬ್ರೇಕಿನ ಗಾಳಿಕೊಳವೆಗಳ ರಕ್ಷಣೆ

ಹೊರನಾಡಿನಲ್ಲಿ ನೆಲೆಸಿರುವ ಕನ್ನಡಿಗರಿಗೂ ರೈಲಿಗೂ ಇರುವ ನಂಟು ಹಳೆಯದು. ಮುಂಬಯಿಯಿಂದ ಬೆಂಗಳೂರಿಗೆ ಹೋಗುವ ಉದ್ಯಾನ್ ಎಕ್ಸ್‌ಪ್ರೆಸ್ಸಿನ ವೇಳೆ, ಕೊಂಕಣ ಮಾರ್ಗವಾಗಿ ಮಂಗಳೂರಿಗೆ ಹೋಗುವ ಮತ್ಸ್ಯಗಂಧದ ವೇಳೆ ನಮ್ಮ ಎಷ್ಟೋ ಮನೆಗಳಲ್ಲಿ ಬಾಯಿಪಾಠವಾಗಿದೆ. ಗಾಡಿ ಎಲ್ಲಿ ಎಷ್ಟು ನಿಮಿಷ ನಿಲ್ಲುತ್ತದೆ, ಯಾವ ನಿಲ್ದಾಣದಲ್ಲಿ ಊಟ ಚೆನ್ನಾಗಿರುತ್ತದೆ ಎಂಬುದನ್ನೆಲ್ಲ ನಾವು ಬಲ್ಲೆವು. ಆದರೆ ಪ್ಲಾಟ್‌ಫಾರ್ಮಿನಲ್ಲಿ ನಿಂತಿರುವಾಗ ಎರಡು ಬೋಗಿಗಳ ನಡುವಿನ ಕತ್ತಲೆಯ ಸಂದಿನತ್ತ ದೃಷ್ಟಿ ಹಾಯಿಸುವವರು ವಿರಳ. ಅಲ್ಲಿ ಎಣ್ಣೆ, ಧೂಳು ಮೆತ್ತಿದ ಉಕ್ಕಿನ ಕೊಂಡಿಯ ಬದಿಯಲ್ಲಿ ತೋಳಿನಷ್ಟು ಉದ್ದದ ರಬ್ಬರ್ ಕೊಳವೆಗಳು ಇಳಿಬಿದ್ದಿರುತ್ತವೆ. ಸಾವಿರಾರು ಪ್ರಯಾಣಿಕರ ಪ್ರಾಣ ಈ ಕೊಳವೆಗಳ ಮೂಲಕ ಹರಿಯುವ ಗಾಳಿಯನ್ನು ನಂಬಿಕೊಂಡಿದೆ. ಬೋಗಿಗಳು ಒಂದನ್ನೊಂದು ಕೂಡುವಾಗ ಈ ಕೊಳವೆಗಳಿಗೆ ಪೆಟ್ಟು ಬೀಳದಂತೆ ಕಾಪಾಡುವ ಬಗೆಯನ್ನು ಈ ಲೇಖನದಲ್ಲಿ ತಿಳಿದುಕೊಳ್ಳೋಣ.

ಗಾಳಿಯಿಂದ ಗಾಡಿ ನಿಲ್ಲುವ ಬಗೆ

ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್ 1869ರಲ್ಲಿ ಗಾಳಿಯ ಒತ್ತಡದಿಂದ ರೈಲನ್ನು ನಿಲ್ಲಿಸುವ ವಿಧಾನಕ್ಕೆ ಪೇಟೆಂಟ್ ಪಡೆದರು. ಆ ಮೊದಲ ವಿಧಾನದಲ್ಲಿ ಎಂಜಿನ್ನಿನಿಂದ ಗಾಳಿ ಹರಿದು ಬಂದರೆ ಮಾತ್ರ ಬ್ರೇಕ್ ಬೀಳುತ್ತಿತ್ತು. ನಡುವೆ ಕೊಳವೆ ಒಡೆದರೆ ಇಡೀ ಗಾಡಿಗೆ ಬ್ರೇಕೇ ಇಲ್ಲದಂತಾಗುತ್ತಿತ್ತು. ಕೆಲವೇ ವರ್ಷಗಳಲ್ಲಿ ಅವರು ಈ ತತ್ತ್ವವನ್ನು ತಿರುವುಮುರುವು ಮಾಡಿದರು. ಪ್ರತಿ ಬೋಗಿಯ ಕೆಳಗೂ ಗಾಳಿ ತುಂಬಿದ ತೊಟ್ಟಿಯೊಂದನ್ನು ಇರಿಸಿ, ಉದ್ದಕ್ಕೂ ಹಾಯ್ದ ಕೊಳವೆಯಲ್ಲಿ ಒತ್ತಡವಿರುವ ತನಕ ಬ್ರೇಕ್ ಬಿಟ್ಟಿರುವಂತೆಯೂ, ಒತ್ತಡ ಕುಗ್ಗಿದೊಡನೆ ತೊಟ್ಟಿಯ ಗಾಳಿ ಹರಿದು ಬ್ರೇಕ್ ಬೀಳುವಂತೆಯೂ ಏರ್ಪಡಿಸಿದರು. ಇಂದಿಗೂ ಜಗತ್ತಿನ ರೈಲುಗಳು ನಿಲ್ಲುವುದು ಬಹುಮಟ್ಟಿಗೆ ಈ ತತ್ತ್ವದ ಮೇಲೆಯೇ.

ನಮ್ಮ ದೇಶದಲ್ಲಿ ಬಹುಕಾಲ ನಿರ್ವಾತ ಬ್ರೇಕ್, ಅಂದರೆ ವ್ಯಾಕ್ಯೂಮ್ ಬ್ರೇಕ್, ಬಳಕೆಯಲ್ಲಿತ್ತು. 1980ರ ದಶಕದಿಂದೀಚೆಗೆ ಏರ್ ಬ್ರೇಕ್ ಅದರ ಸ್ಥಾನವನ್ನು ಪಡೆಯಿತು. ಪ್ರಯಾಣಿಕರ ಬೋಗಿಗಳಲ್ಲಿ ಉದ್ದಕ್ಕೂ ಎರಡು ಕೊಳವೆಗಳಿರುತ್ತವೆ. ಒಂದು ಬ್ರೇಕ್ ಪೈಪ್; ಇದಕ್ಕೆ ಹಸಿರು ಬಣ್ಣ, ಒತ್ತಡ ಚದರ ಸೆಂಟಿಮೀಟರಿಗೆ 5 ಕಿಲೊಗ್ರಾಂ. ಇನ್ನೊಂದು ಫೀಡ್ ಪೈಪ್; ಇದಕ್ಕೆ ಬಿಳಿ ಬಣ್ಣ, ಒತ್ತಡ 6 ಕಿಲೊಗ್ರಾಂ. ಬ್ರೇಕಿಗೆ ಅಪ್ಪಣೆ ಕೊಡುವುದು ಹಸಿರು ಕೊಳವೆ. ತೊಟ್ಟಿಗಳನ್ನು ತುಂಬಿಸಿಡುವುದು ಬಿಳಿ ಕೊಳವೆ. ಪ್ರಯಾಣಿಕರು ಅಪಾಯದ ಸರಪಳಿಯನ್ನು ಎಳೆದಾಗಲೂ ಆಗುವುದು ಇಷ್ಟೇ: ಹಸಿರು ಕೊಳವೆಯ ಗಾಳಿ ಹೊರಬಿದ್ದು ಒತ್ತಡ ಇಳಿಯುತ್ತದೆ, ಬ್ರೇಕ್ ಬೀಳತೊಡಗುತ್ತದೆ.

ಕೂಡುವ ಜಾಗದ ರಚನೆ

ಬೋಗಿಯ ಅಡಿಯಲ್ಲಿ ಹಾಯುವ ಕೊಳವೆ ಉಕ್ಕಿನದು. ಆದರೆ ತಿರುವುಗಳಲ್ಲಿ ಬೋಗಿಗಳು ಅತ್ತಿತ್ತ ಹೊರಳುತ್ತವೆ, ಎಳೆತ ಒತ್ತಡಗಳಿಗೆ ತಕ್ಕಂತೆ ದೂರ ಸರಿದು ಹತ್ತಿರ ಬರುತ್ತವೆ. ಆದ್ದರಿಂದ ಎರಡು ಬೋಗಿಗಳ ನಡುವೆ ಬಳುಕುವ ರಬ್ಬರ್ ಹೋಸ್ ಬೇಕಾಗುತ್ತದೆ. ಉಕ್ಕಿನ ಕೊಳವೆ ಮುಗಿದು ಹೋಸ್ ಆರಂಭವಾಗುವಲ್ಲಿ ಆಂಗಲ್ ಕಾಕ್ ಎಂಬ ತಿರುಗುವ ಕವಾಟವಿದೆ. ಹೋಸಿನ ತುದಿಯಲ್ಲಿ ಅಂಗೈಯಾಕಾರದ ಲೋಹದ ತಲೆಯಿದೆ. ಎರಡು ಬೋಗಿಗಳ ತಲೆಗಳನ್ನು ಕೈಕುಲುಕಿಸಿದಂತೆ ಸೇರಿಸಿ ಹೊರಳಿಸಿದರೆ ಅವು ಒಂದರೊಳಗೊಂದು ಕಚ್ಚಿಕೊಳ್ಳುತ್ತವೆ; ನಡುವಿನ ರಬ್ಬರ್ ಬಳೆ ಗಾಳಿ ಸೋರದಂತೆ ತಡೆಯುತ್ತದೆ. ಎರಡೂ ತಲೆಗಳು ಒಂದೇ ಅಚ್ಚಿನವು. ಆದ್ದರಿಂದ ಯಾವ ಬೋಗಿಯ ಯಾವ ತುದಿ ಎದುರಾದರೂ ಜೋಡಣೆಗೆ ಅಡ್ಡಿಯಿಲ್ಲ.

22 ಬೋಗಿಗಳ ಗಾಡಿಯಲ್ಲಿ ಎಂಜಿನ್ನನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ 22 ಸಂದುಗಳು. ಒಂದೊಂದು ಸಂದಿಗೂ ಎರಡರಂತೆ 44 ಹೋಸ್ ಜೋಡಣೆಗಳು, ಪ್ರತಿ ಜೋಡಣೆಯ ಇಕ್ಕೆಲಗಳಲ್ಲಿ ಒಂದೊಂದರಂತೆ 88 ಆಂಗಲ್ ಕಾಕ್‌ಗಳು. ಇವುಗಳಲ್ಲಿ ಒಂದು ಕೆಟ್ಟರೂ ಇಡೀ ಗಾಡಿಗೆ ತೊಡಕು.

ಪೆಟ್ಟು ಬೀಳುವುದು ಹೇಗೆ

ಬೋಗಿಗಳನ್ನು ಕೂಡಿಸುವ ಕೆಲಸ ಮೃದುವಾದುದಲ್ಲ. ತುಂಬಿದ ಬಾಕ್ಸ್‌ಎನ್ ಮಾದರಿಯ ಕಲ್ಲಿದ್ದಲು ವ್ಯಾಗನ್ನಿನ ತೂಕ 80 ಟನ್ನುಗಳಿಗೂ ಮಿಗಿಲು. ಅದು ನಡಿಗೆಯ ವೇಗದಲ್ಲಿ ಬಂದು ತಾಕಿದರೂ ಹೊಡೆತ ಬಲವಾಗಿರುತ್ತದೆ. ವೇಗ ಇಮ್ಮಡಿಯಾದರೆ ಹೊಡೆತದ ಶಕ್ತಿ ನಾಲ್ಮಡಿಯಾಗುತ್ತದೆ ಎಂಬುದು ಶಾಲೆಯಲ್ಲಿ ಕಲಿತ ಭೌತಶಾಸ್ತ್ರ. ಈ ಆಘಾತವನ್ನು ಉಕ್ಕಿನ ಕೊಂಡಿಯೂ ಅದರ ಹಿಂದಿನ ಸ್ಪ್ರಿಂಗ್ ಅಥವಾ ರಬ್ಬರ್ ಮೆತ್ತೆಯೂ ಹೀರಿಕೊಳ್ಳಬೇಕು. ಆಗ ಕೊಂಡಿ ಸ್ವಲ್ಪ ಹಿಂದಕ್ಕೆ ಸರಿಯುತ್ತದೆ. ಕೊಂಡಿಯ ಪಕ್ಕದಲ್ಲೇ ಇರುವ ಕೊಳವೆಗೆ ಮೊದಲ ಗಂಡಾಂತರ ಇಲ್ಲಿಂದಲೇ.

ಎರಡನೆಯ ಗಂಡಾಂತರ ಕೊಂಡಿಗಳು ನೇರ ಎದುರಾಗದೆ ಹೋದಾಗ ಬರುತ್ತದೆ. ಹಳಿಯ ತಿರುವಿನಲ್ಲಿ ಕೂಡಿಸಲು ಹೊರಟರೆ ಒಂದರ ಕೊಂಡಿ ಇನ್ನೊಂದರ ಪಕ್ಕಕ್ಕೆ ಜಾರಿ ಮುಂದೆ ಹೋಗುವುದುಂಟು. ಆಗ ಟನ್ನುಗಟ್ಟಲೆ ಭಾರದ ಉಕ್ಕು ಆಂಗಲ್ ಕಾಕಿನ ಮೇಲೆ ನೇರವಾಗಿ ಎರಗುತ್ತದೆ. ಮೂರನೆಯದು, ಹೋಸನ್ನು ಅದರ ಆಧಾರಕ್ಕೆ ಸಿಕ್ಕಿಸದೆ ಹಾಗೆಯೇ ಜೋತುಬಿಟ್ಟಿದ್ದರೆ ಅದು ಕೂಡುವ ಭಾಗಗಳ ನಡುವೆ ಸಿಕ್ಕಿ ಜಜ್ಜಿಹೋಗಬಹುದು. ನಾಲ್ಕನೆಯದು, ಬೋಗಿಗಳನ್ನು ಬೇರ್ಪಡಿಸುವಾಗ ಹೋಸನ್ನು ಕೈಯಿಂದ ಬಿಡಿಸದೆ ಎಂಜಿನ್ನಿನಿಂದ ಎಳೆಸಿದರೆ ತಲೆಗಳು ತಾವಾಗಿಯೇ ಬಿಟ್ಟುಕೊಳ್ಳುತ್ತವೆ ನಿಜ. ಆದರೆ ಪ್ರತಿ ಎಳೆತವೂ ಹೋಸಿನ ಬುಡವನ್ನು, ರಬ್ಬರ್ ಬಳೆಯನ್ನು, ಕೊಳವೆಯ ತಿರುಪನ್ನು ಸಡಿಲಗೊಳಿಸುತ್ತದೆ.

ಒಡೆಯುವುದು ಬೇರೆ, ಮುಚ್ಚಿಹೋಗುವುದು ಬೇರೆ

ಕೊಳವೆ ಒಡೆದರೆ ಏನಾಗುತ್ತದೆ? ವೆಸ್ಟಿಂಗ್‌ಹೌಸ್ ತತ್ತ್ವದ ಪ್ರಕಾರ ಒತ್ತಡ ಇಳಿದು ಗಾಡಿ ನಿಲ್ಲುತ್ತದೆ. ಪ್ರಯಾಣ ತಡವಾದೀತು, ಆದರೆ ಪ್ರಾಣಕ್ಕೆ ಅಪಾಯ ಕಡಿಮೆ. ಪೆಟ್ಟಿನಿಂದಲೋ ಅಚಾತುರ್ಯದಿಂದಲೋ ಆಂಗಲ್ ಕಾಕ್ ಮುಚ್ಚಿಕೊಂಡರೆ ಪರಿಣಾಮ ತದ್ವಿರುದ್ಧ. ಮುಚ್ಚಿದ ಜಾಗದಿಂದ ಹಿಂದಿರುವ ಬೋಗಿಗಳ ಕೊಳವೆಯಲ್ಲಿ ಒತ್ತಡ ಹಾಗೆಯೇ ಸೆರೆಯಾಗಿ ಉಳಿಯುತ್ತದೆ. ಚಾಲಕ ಮುಂದಿನಿಂದ ಎಷ್ಟು ಗಾಳಿ ಬಿಟ್ಟರೂ ಹಿಂದಿನ ಬೋಗಿಗಳಿಗೆ ಆ ಅಪ್ಪಣೆ ತಲಪುವುದಿಲ್ಲ. ರೈಲು ಓಡುತ್ತಿರುವಷ್ಟು ಹೊತ್ತು ಈ ದೋಷ ಯಾರಿಗೂ ಗೊತ್ತಾಗುವುದಿಲ್ಲ; ನಿಲ್ಲಿಸಲು ಹೊರಟಾಗಲೇ ತಿಳಿಯುವುದು.

1953ರ ಜನವರಿ 15ರಂದು ಬಾಸ್ಟನ್ನಿನಿಂದ ವಾಷಿಂಗ್‌ಟನ್ನಿಗೆ ಬರುತ್ತಿದ್ದ ಫೆಡರಲ್ ಎಕ್ಸ್‌ಪ್ರೆಸ್ ನಿಲ್ದಾಣದಲ್ಲಿ ನಿಲ್ಲಲಾರದೆ ಒಳನುಗ್ಗಿತು. ಅದರ ವಿದ್ಯುತ್ ಎಂಜಿನ್ ನೆಲವನ್ನು ಮುರಿದುಕೊಂಡು ನೆಲಮಾಳಿಗೆಗೆ ಕುಸಿಯಿತು. ಮುನ್ಸೂಚನೆ ಸಿಕ್ಕಿ ಜನರನ್ನು ತೆರವು ಮಾಡಿದ್ದರಿಂದ ಯಾರೂ ಸಾಯಲಿಲ್ಲ, ಹಲವರು ಗಾಯಗೊಂಡರು. ತನಿಖೆಯಲ್ಲಿ ಕಂಡುಬಂದುದು, ಮೂರನೆಯ ಬೋಗಿಯ ಹಿಂತುದಿಯ ಆಂಗಲ್ ಕಾಕ್ ಮುಚ್ಚಿಕೊಂಡಿತ್ತೆಂಬುದು. ಆ ಬೋಗಿಯಲ್ಲಿ ಕಾಕನ್ನು ಕೂಡಿಸಿದ್ದ ಜಾಗವೇ ಸರಿಯಿರಲಿಲ್ಲ. ಬೋಗಿಯ ಭಾಗವೊಂದು ಹಿಡಿಗೆ ತಾಕಿ ಅದನ್ನು ತಿರುಗಿಸಬಹುದಾಗಿತ್ತು.

1988ರ ಜೂನ್ 27ರಂದು ಪ್ಯಾರಿಸ್ಸಿನ ಗಾರ್ ದ ಲಿಯೋಂ ನಿಲ್ದಾಣದಲ್ಲಿ ನಡೆದುದು ಇನ್ನೂ ದಾರುಣ. ಪ್ರಯಾಣಿಕರೊಬ್ಬರು ಎಳೆದ ಅಲಾರಂ ಹಿಡಿಯನ್ನು ಸರಿಪಡಿಸುವಾಗ ಚಾಲಕನ ಕೈಯಿಂದ ಬ್ರೇಕ್ ಪೈಪಿನ ಕವಾಟ ಅರಿವಿಲ್ಲದೆ ಮುಚ್ಚಿಹೋಯಿತು. ಬಿಡದೆ ಹಿಡಿದಿದ್ದ ಬ್ರೇಕುಗಳನ್ನು ಕೈಯಾರೆ ಗಾಳಿ ತೆಗೆದು ಸಡಿಲಿಸಲಾಯಿತು. ಮುಂದೆ ಇಳಿಜಾರಿನಲ್ಲಿ ಗಾಡಿ ನಿಲ್ಲಲಿಲ್ಲ. ನಿಲ್ದಾಣದಲ್ಲಿ ನಿಂತಿದ್ದ ಇನ್ನೊಂದು ರೈಲಿಗೆ ಅಪ್ಪಳಿಸಿತು. 56 ಜನ ಅಸುನೀಗಿದರು.

ಆದುದರಿಂದ ಕೊಳವೆಯ ರಕ್ಷಣೆ ಎಂದರೆ ಅದು ಮುರಿಯದಂತೆ ನೋಡಿಕೊಳ್ಳುವುದಷ್ಟೇ ಅಲ್ಲ. ಯಾವ ಪೆಟ್ಟಿಗೂ ಅದರ ಬಾಯಿ ಮುಚ್ಚದಂತೆ ನೋಡಿಕೊಳ್ಳುವುದು ಅದಕ್ಕಿಂತ ಮುಖ್ಯ.

ರಕ್ಷಣೆಯ ಉಪಾಯಗಳು

ಮೊದಲನೆಯ ಉಪಾಯ ಸ್ಥಾನದ ಆಯ್ಕೆ. ಕೊಂಡಿ ಅತ್ತಿತ್ತ ಹೊರಳುವ, ಹಿಂದೆ ಮುಂದೆ ಸರಿಯುವ ಪೂರ್ಣ ಹರವನ್ನು ಲೆಕ್ಕಹಾಕಿ, ಆ ಹರವಿನ ಹೊರಗೆ ಆಂಗಲ್ ಕಾಕನ್ನು ಕೂಡಿಸಬೇಕು. ಎಲ್ಲ ಬೋಗಿಗಳಲ್ಲೂ ಇದು ಒಂದೇ ಅಳತೆಯಲ್ಲಿರಬೇಕು. ಹೋಸ್ ಗಿಡ್ಡವಾದರೆ ತಿರುವಿನಲ್ಲಿ ಬಿಗಿದು ಬಿಟ್ಟುಕೊಳ್ಳುತ್ತದೆ. ಉದ್ದವಾದರೆ ಜೋತುಬಿದ್ದು ನೆಲಕ್ಕೆ ಉಜ್ಜುತ್ತದೆ.

ಎರಡನೆಯದು ಆಧಾರ. ಕೊಳವೆಯ ತುದಿಯನ್ನು ಬೋಗಿಯ ಚೌಕಟ್ಟಿಗೆ ಪಟ್ಟಿ ಹಾಕಿ ಬಿಗಿದಿರಬೇಕು. ಇಲ್ಲವಾದರೆ ಓಟದ ಅದುರುವಿಕೆಯೇ ಅದನ್ನು ಸವೆಸುತ್ತದೆ. ಕೊಳವೆಗೆ ತಿರುಪು ಕೊರೆದಲ್ಲಿ ಲೋಹದ ದಪ್ಪ ಕಡಿಮೆಯಾಗಿ ಅದೇ ದುರ್ಬಲ ಸ್ಥಾನವಾಗುವುದರಿಂದ, ಬೆಸುಗೆ ಹಾಕಿದ ಚಾಚುಪಟ್ಟಿಗಳನ್ನು ಬೋಲ್ಟಿನಿಂದ ಕೂಡಿಸುವ ಪದ್ಧತಿ ಬಂದಿದೆ. ಬಿಡುವಾಗಿರುವ ಹೋಸನ್ನು ಸಿಕ್ಕಿಸಿಡಲು ಬೋಗಿಯ ತುದಿಯಲ್ಲೇ ಆಧಾರವಿರುತ್ತದೆ. ಇದರಿಂದ ಪೆಟ್ಟೂ ತಪ್ಪುತ್ತದೆ, ಬಾಯಿಯೊಳಗೆ ಧೂಳು ಕಲ್ಲುಗಳೂ ಸೇರುವುದಿಲ್ಲ.

ಮೂರನೆಯದು ಬಾಗುವ ಗುಣ. ಗಾಡಿ ಅಕಸ್ಮಾತ್ ತುಂಡಾದರೆ ಹೋಸುಗಳು ಹರಿಯದೆ ಅಂಗೈತಲೆಗಳು ಮಾತ್ರ ಬಿಡಿಸಿಕೊಳ್ಳುವಂತೆ ಅವುಗಳ ಆಕಾರವಿದೆ. ಹೋಸ್ ನೇರವಾಗಿ ಬಿಗಿದಾಗ ತಲೆಗಳು ಹೊರಳಿ ಕಳಚುತ್ತವೆ. ಗಾಳಿ ಹೊರಬಿದ್ದು ಎರಡೂ ಭಾಗಗಳು ನಿಲ್ಲುತ್ತವೆ.

ನಾಲ್ಕನೆಯದು ಹಿಡಿಯ ಬೀಗ. ನಮ್ಮ ರೈಲ್ವೆಯ ಆಂಗಲ್ ಕಾಕಿನ ಹಿಡಿಯನ್ನು ಮೊದಲು ಮೇಲಕ್ಕೆತ್ತದೆ ತಿರುಗಿಸಲು ಬಾರದು. ಕಲ್ಲು ಸಿಡಿದರೂ ಕಾಲು ತಾಗಿದರೂ ಅದು ಸುಲಭವಾಗಿ ಮುಚ್ಚದಿರಲೆಂದು ಈ ವ್ಯವಸ್ಥೆ. ಹಿಡಿ ಕೊಳವೆಯ ಉದ್ದಕ್ಕೆ ಇದ್ದರೆ ತೆರೆದಿದೆ, ಅಡ್ಡಕ್ಕೆ ಇದ್ದರೆ ಮುಚ್ಚಿದೆ ಎಂದು ನೋಡಿದೊಡನೆ ತಿಳಿಯುತ್ತದೆ.

ಮನುಷ್ಯನ ಕೈ

ಯಂತ್ರದ ಉಪಾಯಗಳು ಎಷ್ಟಿದ್ದರೂ ಕೊನೆಯ ರಕ್ಷಣೆ ಯಾರ್ಡಿನ ಕೆಲಸಗಾರನ ಶಿಸ್ತಿನಲ್ಲಿದೆ. ಎಂಜಿನ್ ಗಾಡಿಯ ಸಮೀಪ ಬಂದು ಪೂರ್ತಿ ನಿಂತು, ಸಂಜ್ಞೆ ದೊರೆತ ಬಳಿಕವೇ ನಿಧಾನವಾಗಿ ಕೂಡಬೇಕು. ಕೊಂಡಿ ಬಿಗಿಯಾಗಿ ಕಚ್ಚಿಕೊಂಡು ಚಲನೆ ನಿಂತ ಮೇಲೆ ಹೋಸುಗಳನ್ನು ಸೇರಿಸಬೇಕು. ಅನಂತರ ಕಾಕುಗಳನ್ನು ತೆರೆಯಬೇಕು. ಬಿಡಿಸುವಾಗ ಕ್ರಮ ಹಿಂದುಮುಂದು: ಮೊದಲು ಕಾಕುಗಳನ್ನು ಮುಚ್ಚುವುದು, ಬಳಿಕ ಹೋಸನ್ನು ಕೈಯಿಂದ ಬಿಡಿಸಿ ಆಧಾರಕ್ಕೆ ಸಿಕ್ಕಿಸುವುದು, ಕೊನೆಗೆ ಕೊಂಡಿ ಕಳಚುವುದು.

ಎಲ್ಲ ಮುಗಿದ ಮೇಲೆ ಬ್ರೇಕಿನ ಅಖಂಡತೆಯ ಪರೀಕ್ಷೆ ನಡೆಯುತ್ತದೆ. ಚಾಲಕ ಮುಂದಿನಿಂದ ಒತ್ತಡ ಇಳಿಸಿದಾಗ ಕಟ್ಟಕಡೆಯ ಬೋಗಿಯ ಮಾಪಕದಲ್ಲೂ ಮುಳ್ಳು ಇಳಿಯಬೇಕು. ಅದನ್ನು ಕಂಡು ಖಚಿತಪಡಿಸುವವರು ಗಾರ್ಡ್. 2022ರಿಂದ ಅವರ ಹುದ್ದೆಗೆ ರೈಲು ಮ್ಯಾನೇಜರ್ ಎಂಬ ಹೆಸರು ಬಂದಿದೆ. ನಡುವೆ ಎಲ್ಲಿಯೇ ಒಂದು ಕಾಕ್ ಮುಚ್ಚಿದ್ದರೂ ಈ ಪರೀಕ್ಷೆಯಲ್ಲಿ ಬಯಲಾಗುತ್ತದೆ. ಮುಂಬಯಿ-ಪುಣೆ ಮಾರ್ಗದ ಬೋರ್ ಘಾಟಿನ ಏರಿಕೆ 37ಕ್ಕೆ 1. ಅಂದರೆ 37 ಮೀಟರ್ ಸಾಗುವಷ್ಟರಲ್ಲಿ ಒಂದು ಮೀಟರ್ ಏರಬೇಕು. ಕುಳೆಂ-ಕ್ಯಾಸಲ್‌ರಾಕ್ ಘಟ್ಟದ್ದೂ ಅಷ್ಟೇ ಕಡಿದು. ಇಂಥಲ್ಲಿ ಇಳಿಯುವ ಗಾಡಿಗೆ ಈ ಪರೀಕ್ಷೆ ಎಷ್ಟು ಅಗತ್ಯವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕರ್ಜತ್ತಿನಲ್ಲಿ ಹಿಂದಿನಿಂದ ನೂಕುವ ಎಂಜಿನ್ ಜೋಡಿಸಲು ಗಾಡಿ ನಿಂತಾಗ ತಡವಾಯಿತೆಂದು ಬೇಸರಿಸುವವರು ನಮ್ಮಲ್ಲಿದ್ದಾರೆ. ಗಾಡಿಗೆ ಏನನ್ನಾದರೂ ಜೋಡಿಸಿದಾಗ ಇಷ್ಟೆಲ್ಲ ಕ್ರಮಗಳು ಆಗಬೇಕೆಂದು ತಿಳಿದರೆ ಆ ಬೇಸರ ಕಡಿಮೆಯಾದೀತು.

ಮುಂದಿನ ದಾರಿ

ಅಮೆರಿಕದ ಈಲೈ ಜಾನ್ನಿ 1873ರಲ್ಲಿ, ತಾಕಿದೊಡನೆ ತಾನೇ ಕಚ್ಚಿಕೊಳ್ಳುವ ಕೊಂಡಿಗೆ ಪೇಟೆಂಟ್ ಪಡೆದರು. ಅದಕ್ಕೆ ಮೊದಲು ಬೋಗಿಗಳ ನಡುವೆ ನಿಂತು ಕೊಂಡಿ ಹಾಕುತ್ತ ಕೈ ಬೆರಳು, ಪ್ರಾಣ ಕಳೆದುಕೊಂಡ ಕಾರ್ಮಿಕರು ಅಸಂಖ್ಯ. ಆ ದೇಶದಲ್ಲಿ 1893ರ ಕಾಯಿದೆಯೊಂದು ಸ್ವಯಂಚಾಲಿತ ಕೊಂಡಿಯನ್ನೂ ಗಾಡಿಗೆ ಎಂಜಿನ್ನಿನಿಂದಲೇ ಹಾಕುವ ಬ್ರೇಕನ್ನೂ ಕಡ್ಡಾಯಗೊಳಿಸಿತು. ನಮ್ಮಲ್ಲಿ ಪೆರಂಬೂರಿನ ಕಾರ್ಖಾನೆಯ ಹಳೆಯ ಮಾದರಿಯ ಬೋಗಿಗಳಿಗೆ ತಿರುಪಿನ ಕೊಂಡಿಯೂ ಬದಿಯ ಬಫರುಗಳೂ ಇದ್ದವು. ಅವುಗಳ ತಯಾರಿಕೆ 2018ರಲ್ಲಿ ನಿಂತಿತು. ಈಗಿನ ಎಲ್‌ಎಚ್‌ಬಿ ಬೋಗಿಗಳ ಕೊಂಡಿ ತಾನೇ ಕಚ್ಚಿಕೊಳ್ಳುತ್ತದೆ. ಆದರೆ ಗಾಳಿಯ ಹೋಸುಗಳನ್ನು ಇಂದಿಗೂ ಮನುಷ್ಯನೇ ಬಗ್ಗಿ ಸೇರಿಸಬೇಕು.

ಇದಕ್ಕೂ ಪರಿಹಾರವಿದೆ. ಜರ್ಮನಿಯ ಕಾರ್ಲ್ ಶಾರ್ಫೆನ್‌ಬರ್ಗ್ 20ನೇ ಶತಮಾನದ ಆರಂಭದಲ್ಲಿ ರೂಪಿಸಿದ ಕೊಂಡಿಯಿಂದ ಬೆಳೆದ ಮಾದರಿಗಳಲ್ಲಿ ಗಾಳಿಯ ಬಾಯಿ ಕೊಂಡಿಯ ಮುಖದೊಳಗೇ ಇರುತ್ತದೆ. ಕೊಂಡಿಗಳು ಕೂಡಿದರೆ ಗಾಳಿಯ ದಾರಿಯೂ ಕೂಡಿತು. ಹೊರಗೆ ಜೋತುಬಿದ್ದ ಹೋಸೂ ಇಲ್ಲ, ನಡುವೆ ಇಳಿಯಬೇಕಾದ ಮನುಷ್ಯನೂ ಇಲ್ಲ. ಮೆಟ್ರೊ ರೈಲುಗಳಲ್ಲಿಯೂ 2019ರಲ್ಲಿ ಓಡತೊಡಗಿದ ವಂದೇ ಭಾರತ್ ಗಾಡಿಗಳಲ್ಲಿಯೂ ಇನ್ನೊಂದು ಹಾದಿ ಹಿಡಿಯಲಾಗಿದೆ: ಬೋಗಿಗಳನ್ನು ಕಾರ್ಖಾನೆಯ ಹೊರಗೆ ಬಿಡಿಸುವ ಅಗತ್ಯವೇ ಬಾರದಂತೆ ಒಂದಕ್ಕೊಂದು ಬಿಗಿದುಬಿಡುವುದು. ಕೂಡಿಸಿ ಬಿಡಿಸುವ ಕೆಲಸ ಕಡಿಮೆಯಾದಷ್ಟೂ ಪೆಟ್ಟು ಬೀಳುವ ಸಂದರ್ಭವೂ ಕಡಿಮೆ. ಆದರೆ ಸಾವಿರಾರು ಸರಕು ವ್ಯಾಗನ್ನುಗಳು ದಿನವೂ ಕೂಡಿ ಬೇರಾಗಲೇಬೇಕಾದ ಕಡೆ ಇದು ಸಾಧ್ಯವಿಲ್ಲ. ಅಲ್ಲಿ ಹೋಸ್, ಕಾಕ್, ಕಾರ್ಮಿಕನ ಕೈ ಇನ್ನೂ ಬಹುಕಾಲ ಇರುವಂಥವು.

ನಾವು ಮಾಡಬಹುದಾದುದು

ಪ್ರಯಾಣಿಕರಾದ ನಮ್ಮ ಪಾಲಿನ ಹೊಣೆ ಚಿಕ್ಕದು, ಆದರೆ ಇದೆ. ಪ್ಲಾಟ್‌ಫಾರ್ಮ್ ಬದಲಿಸುವ ಅವಸರದಲ್ಲಿ ನಿಂತ ಗಾಡಿಯ ಬೋಗಿಗಳ ನಡುವೆ ನುಸುಳಿ, ಕೊಂಡಿಯ ಮೇಲೆ ಕಾಲಿಟ್ಟು ದಾಟುವವರನ್ನು ನಾವೆಲ್ಲ ಕಂಡಿದ್ದೇವೆ. ಗಾಡಿ ಹೊರಟರೆ ಪ್ರಾಣಕ್ಕೆ ಕುತ್ತು. ಹೊರಡದಿದ್ದರೂ ಕಾಲಿಗೆ ಸಿಕ್ಕಿದ ಹೋಸ್, ಕೈಗೆ ಆಸರೆಯಾದ ಹಿಡಿ ಆ ಗಾಡಿಯಲ್ಲಿ ಹೋಗುವ ಎಲ್ಲರಿಗೂ ಸಂಬಂಧಿಸಿದ್ದು. ಮಕ್ಕಳಿಗೆ ಇದನ್ನು ತಿಳಿಹೇಳೋಣ. ಸಂದಿನಿಂದ ಗಾಳಿ ಬುಸ್ಸೆಂದು ಸೋರುವ ಸದ್ದು ಎಡೆಬಿಡದೆ ಕೇಳಿದರೆ, ಹೋಸ್ ನೆಲಕ್ಕೆ ಜೋತಾಡುತ್ತಿರುವುದು ಕಂಡರೆ, ಹತ್ತಿರದ ರೈಲ್ವೆ ಸಿಬ್ಬಂದಿಗೆ ಒಂದು ಮಾತು ತಿಳಿಸೋಣ. ಎರಡು ಬೋಗಿಗಳ ನಡುವೆ ಬಗ್ಗಿ ಮಸಿ ಮೆತ್ತಿದ ಕೈಗಳಿಂದ ಹೋಸ್ ಸೇರಿಸುವ ಕೆಲಸಗಾರನಿಗೆ ಆ ಕೆಲಸ ಮಾಡಲು ಬೇಕಾದಷ್ಟು ಹೊತ್ತನ್ನು ಗೊಣಗದೆ ಬಿಟ್ಟುಕೊಡೋಣ. ನಮ್ಮ ಗಾಡಿ ಘಟ್ಟ ಇಳಿದು ಊರು ಸೇರುವುದು ಅವನ ಕೆಲಸದ ಮೇಲೆಯೂ ನಿಂತಿದೆ.