ಸ್ವತಂತ್ರ ವೃತ್ತಿನಿರತರ ಸಾಲ ವರದಿ: ದೋಷ ಮತ್ತು ತಿದ್ದುಪಡಿ

ಮಾಸಿಕ ವೇತನಪತ್ರವಿಲ್ಲದ ಸ್ವತಂತ್ರ ವೃತ್ತಿನಿರತರ ಅರ್ಹತೆಯನ್ನು ಬ್ಯಾಂಕುಗಳು ಬಹುಮಟ್ಟಿಗೆ ಆದಾಯ ತೆರಿಗೆ ರಿಟರ್ನ್ ಹಾಗೂ ಸಾಲ ವರದಿಯಿಂದಲೇ ಅಳೆಯುತ್ತವೆ. ತೀರಿಸಿದ ಸಾಲ ಬಾಕಿಯೆಂದೇ ಉಳಿದಿದ್ದರೆ, ಅಥವಾ ಪ್ಯಾನ್ ಸಂಖ್ಯೆಯ ಗೊಂದಲದಿಂದ ಅನ್ಯರ ಸುಸ್ತಿ ಇವರ ಹೆಸರಿಗೆ ಸೇರಿದ್ದರೆ, ಅರ್ಜಿ ತಿರಸ್ಕೃತವಾಗುವ ಸಂಭವವೇ ಹೆಚ್ಚು.

ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಈ ನಾಲ್ಕೂ ಸಂಸ್ಥೆಗಳಿಂದ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಪಡೆಯಬಹುದು. ಒಂದರಲ್ಲಿ ಸರಿಯಿದ್ದ ಮಾತ್ರಕ್ಕೆ ಉಳಿದವುಗಳಲ್ಲಿಯೂ ಸರಿಯಿರಬೇಕೆಂದಿಲ್ಲ. 2005ರ ಸಾಲ ಮಾಹಿತಿ ಕಂಪನಿಗಳ ಕಾಯ್ದೆಯಂತೆ, ಸಾಲ ನೀಡಿದ ಸಂಸ್ಥೆಯು ದೃಢೀಕರಿಸದೆ ಈ ಕಂಪನಿಗಳು ವಿವರಗಳನ್ನು ತಿದ್ದುವಂತಿಲ್ಲ. ಆದುದರಿಂದ ಬಾಕಿಯಿಲ್ಲವೆಂಬ ಪ್ರಮಾಣಪತ್ರದೊಡನೆ ಬ್ಯಾಂಕಿಗೂ ಲಿಖಿತ ದೂರು ಸಲ್ಲಿಸುವುದು ಲೇಸು.

ದೂರು 30 ದಿನಗಳೊಳಗೆ ಇತ್ಯರ್ಥವಾಗಬೇಕು. ಇದರಲ್ಲಿ ಬ್ಯಾಂಕಿನ ಪಾಲು 21 ದಿನ. ಮೀರಿದರೆ ದಿನಕ್ಕೆ 100 ರೂ. ಪರಿಹಾರವನ್ನು ರಿಸರ್ವ್ ಬ್ಯಾಂಕು 26-4-2024ರಿಂದ ವಿಧಿಸಿದೆ. ಸಾಲ ದೊರೆಯದೆ ಕೈತಪ್ಪಿದ ಕೆಲಸದ ಮುಂದೆ ಈ ಮೊತ್ತ ಅತ್ಯಲ್ಪ. ಒಂದು ಎಚ್ಚರಿಕೆ: ಬ್ಯಾಂಕಿನೊಡನೆ ರಾಜಿ ಮಾಡಿಕೊಂಡು ಕಡಿಮೆ ಹಣಕ್ಕೆ ತೀರಿಸಿದ ಸಾಲವನ್ನು ‘ಸೆಟಲ್ಡ್’ ಎಂದು ತೋರಿಸುವುದು ದೋಷವಲ್ಲ. ನೈಜ ದೋಷ ಉಳಿದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರಬಹುದು.